ಎರಡು ಪುಟ್ಟ ಪೆಟ್ಟಿಗೆಗಳು

ಮಗಳಿಗೆ ವರನನ್ನು ಹುಡುಕುವಾಗಲೂ ನಾನು ಇಷ್ಟು ಅಲೆದಿರಲಿಲ್ಲವೆಂದು ನಮ್ಮ ಮನೆಯಾಕೆ ಹೇಳುತ್ತಾಳೆ. ಮಾತಿನಲ್ಲಿ ಸ್ವಲ್ಪ ಅತಿಶಯವುಂಟು. ಆದರೆ ಪೂರ್ತಿ ಸುಳ್ಳೆಂದು ತಳ್ಳಿಹಾಕುವಂತೆಯೂ ಇಲ್ಲ. ಹುಡುಕಿದ ವಸ್ತು ಒಂದು ಜೊತೆ ಸ್ಪೀಕರು. ಪುಸ್ತಕದ ಕಪಾಟಿನ ಒಂದು ಅಂಕಣದಲ್ಲಿ ಕೂರುವಷ್ಟು ಸಣ್ಣವು; ಬೆಲೆ ಮಾತ್ರ ಆ ಕಪಾಟನ್ನೂ ಅದರೊಳಗಿನ ಪುಸ್ತಕಗಳನ್ನೂ ಒಟ್ಟಿಗೆ ಮಾರಿದರೂ ಹುಟ್ಟದಷ್ಟು. ನಾಲ್ಕು ತಿಂಗಳ ಪಿಂಚಣಿಯನ್ನು ಎರಡು ಮರದ ಪೆಟ್ಟಿಗೆಗಳಿಗೆ ಸುರಿಯಹೊರಟ ನಿವೃತ್ತ ಉಪಾಧ್ಯಾಯನನ್ನು ನೆಂಟರಿಷ್ಟರು ಕನಿಕರದಿಂದ ನೋಡಿದರೆ ಅವರದೇನೂ ತಪ್ಪಿಲ್ಲ.

ಕಾರಣವನ್ನು ಮೊದಲೇ ಹೇಳಿಬಿಡುವುದು ಮೇಲು. ನನ್ನ ಅಕ್ಕ ಹಾಡುತ್ತಿದ್ದಳು. ಕಚೇರಿ ಮಾಡತಕ್ಕ ಹಾಡುಗಾರಿಕೆಯಲ್ಲ. ನವರಾತ್ರಿಯ ಬೊಂಬೆಗಳ ಮುಂದೆ, ನಾಮಕರಣದ ಮನೆಗಳಲ್ಲಿ, ಹೆಚ್ಚಾಗಿ ಅಡುಗೆಮನೆಯಲ್ಲಿ. 1976ರಲ್ಲಿ ಶಿವಮೊಗ್ಗದ ಅವಳ ಮನೆಗೆ ಭಾವನ ಸ್ನೇಹಿತರೊಬ್ಬರು ಸ್ಪೂಲ್ ಟೇಪ್ ರೆಕಾರ್ಡರನ್ನು ತಂದು, ಒಂದು ಸಂಜೆ ಅವಳನ್ನು ಬಲವಂತದಿಂದ ತಂಬೂರಿಯೊಡನೆ ಕೂರಿಸಿ ಹಾಡಿಸಿದರು. ಮೂರು ದೇವರನಾಮ, ಒಂದು ಭಾವಗೀತೆ. ಎಲ್ಲ ಸೇರಿ ಇಪ್ಪತ್ತೆರಡು ನಿಮಿಷ. ಆಗ ನಾನು ಮೈಸೂರಿನಲ್ಲಿ ಓದುತ್ತಿದ್ದೆ. ಆ ಸಂಜೆ ಅಲ್ಲಿರಲಿಲ್ಲ. ಅಕ್ಕ ತೀರಿಕೊಂಡು ಈಗ ಹನ್ನೊಂದು ವರ್ಷ. ಅವಳ ಕಂಠವೆಂದು ಲೋಕದಲ್ಲಿ ಉಳಿದಿರುವುದು ಆ ಇಪ್ಪತ್ತೆರಡು ನಿಮಿಷ ಮಾತ್ರ. ಟೇಪು ಪುಡಿಯಾಗುವ ಮೊದಲೇ ಅದನ್ನು ಕಂಪ್ಯೂಟರಿಗೆ ಇಳಿಸಿಕೊಟ್ಟ ಪುಣ್ಯ ನನ್ನ ಮೊಮ್ಮಗನದು.

ಆದರೆ ಅವನ ಫೋನಿನಲ್ಲಿ ಕೇಳಿದಾಗ ಅಕ್ಕ ಸೊಳ್ಳೆಯಂತೆ ಹಾಡಿದಳು. ಟೆಲಿವಿಷನ್ನಿನ ಕೆಳಗಿರುವ ಉದ್ದನೆಯ ಪಟ್ಟಿಯಲ್ಲಿ ಕೇಳಿದಾಗ ಬಚ್ಚಲಿನ ಹಂಡೆಯೊಳಗೆ ಕುಳಿತು ಹಾಡಿದಂತಿತ್ತು. ಎರಡೂ ಅವಳಲ್ಲ. ಅವಳ ಕಂಠ ಹೇಗಿತ್ತೆಂದು ನನಗೆ ಗೊತ್ತು ಎಂಬ ಧೈರ್ಯದಿಂದ ಹುಡುಕಾಟಕ್ಕೆ ಹೊರಟೆ. ನಡುವಿನಲ್ಲಿ ಒಂದು ದಿನ, ನನಗೆ ನಿಜವಾಗಿಯೂ ಗೊತ್ತೆ ಎಂಬ ಸಂಶಯವೇ ಹುಟ್ಟಿತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಹೋದದ್ದು ಬೆಂಗಳೂರಿನ ಒಂದು ದೊಡ್ಡ ಅಂಗಡಿಗೆ. ತಣ್ಣನೆಯ ಕೋಣೆ, ಮೆತ್ತನೆಯ ಆಸನ, ಗೋಡೆಗೆಲ್ಲ ಬಟ್ಟೆಯ ಹೊದಿಕೆ. ಆಳೆತ್ತರದ ಸ್ಪೀಕರುಗಳ ಮುಂದೆ ನನ್ನನ್ನು ಕೂರಿಸಿದ ತರುಣನು ಗುಡುಗನ್ನೂ ಡೋಲುಗಳನ್ನೂ ಒಡೆಯುವ ಗಾಜನ್ನೂ ಕೇಳಿಸಿದನು. ಎದೆ ನಡುಗಿದ್ದು ನಿಜ. “ಬೇಸ್ ನೋಡಿ ಸರ್, ಬೇಸ್!” ಎಂದು ಅವನು ನನಗಿಂತ ಹೆಚ್ಚು ಸಂತೋಷಪಟ್ಟನು. ಅಕ್ಕನ ಹಾಡನ್ನು ಹಾಕಬಹುದೆ ಎಂದು ಕೇಳಿದೆ. ಹಳೆಯ ಟೇಪು ಈ ಯಂತ್ರದ ಯೋಗ್ಯತೆಯನ್ನು ತೋರಿಸಲಾರದು ಎಂದು ಅನುಮಾನಿಸುತ್ತಲೇ ಹಾಕಿದನು. ಅಕ್ಕನ ಬಾಯಿ ಬಾಗಿಲಿನಷ್ಟು ಅಗಲವಾಗಿ ತೆರೆದುಕೊಂಡಿತು. ಅವಳ ಎದೆ ಕಣಜದಷ್ಟಾಯಿತು. ಐದಡಿ ಎರಡಂಗುಲದ ಹೆಂಗಸು ಅವಳು. ನಾನು ವಂದನೆ ಹೇಳಿ ಬಸ್ಸು ಹತ್ತಿದೆ.

ಮೈಸೂರಿನಲ್ಲಿ ನನಗೊಬ್ಬ ಮಿತ್ರರಿದ್ದಾರೆ. ಆಕಾಶವಾಣಿಯಲ್ಲಿ ಎಂಜಿನಿಯರಾಗಿ ನಿವೃತ್ತರಾದವರು. ಸಂಜೆ ನಮ್ಮ ಜೊತೆ ಕೆರೆಯ ದಂಡೆಯ ಮೇಲೆ ನಡೆಯುವವರು. ನನ್ನ ಅವಸ್ಥೆಯನ್ನು ಕೇಳಿ ನಕ್ಕು, “ಮೇಷ್ಟ್ರೇ, ನೀವು ಏನನ್ನು ಪಡೆಯಬೇಕೆಂದು ಹೊರಟಿದ್ದೀರಿ. ಏನನ್ನು ಬಿಡಬಲ್ಲಿರಿ ಎಂದು ಮೊದಲು ನಿಶ್ಚಯಿಸಿಕೊಳ್ಳಿ” ಎಂದರು. ಆ ಮಾತಿನ ಬೆನ್ನಿಗೆ ಬಂದ ಪಾಠ ಒಂದು ವಾರ ನಡೆಯಿತು. ಅದರ ಸಾರವನ್ನು ನನಗೆ ತಿಳಿದಂತೆ ಇಲ್ಲಿ ಕೊಡುತ್ತೇನೆ.

ಸ್ಪೀಕರೆಂದರೆ ಗಾಳಿಯನ್ನು ನೂಕುವ ಒಂದು ಶಂಕು. ತಂತಿಯ ಸುರುಳಿ, ಅಯಸ್ಕಾಂತ, ಕಾಗದ ಅಥವಾ ಅಂಥದೊಂದು ಹಗುರ ವಸ್ತುವಿನ ಶಂಕು: 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ವಿವರಿಸಿದ ರಚನೆಯೇ ಇಂದಿಗೂ ಹೆಚ್ಚುಕಡಿಮೆ ನಡೆದುಬಂದಿದೆ. ಮಂದ್ರದ ನಾದಕ್ಕೆ ಬಹಳ ಗಾಳಿಯನ್ನು ನೂಕಬೇಕು. ಶಂಕುವಿನ ಹಿಂದಿನಿಂದ ಹೊರಟ ಅಲೆ ಮುಂದಿನ ಅಲೆಯನ್ನು ಕೂಡಿ ಅಳಿಸದಂತೆ ಪೆಟ್ಟಿಗೆಯೊಂದು ಬೇಕು. ಮಂದ್ರ ಬೇಕಾದಷ್ಟೂ ಪೆಟ್ಟಿಗೆ ದೊಡ್ಡದಾಗಬೇಕು. ಆದುದರಿಂದ ಹಿಂದಿನ ಕಾಲದ ಒಳ್ಳೆಯ ಸ್ಪೀಕರುಗಳು ಬೀರುವಿನಂತಿರುತ್ತಿದ್ದವು. ಈ ಗಂಟನ್ನು ಬಿಡಿಸಿದವರು ಎಡ್ಗರ್ ವಿಲ್ಚರ್. ನನಗೆ ಅಭಿಮಾನದ ಸಂಗತಿಯೆಂದರೆ ಅವರೂ ಮೇಷ್ಟರೇ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಧ್ವನಿಪುನರುತ್ಪಾದನೆಯ ಪಾಠ ಹೇಳುತ್ತಿದ್ದರು. ಶಂಕುವನ್ನು ಬಿಗಿಯಾಗಿ ಹಿಡಿಯುವ ಅಂಚನ್ನು ಸಡಿಲಗೊಳಿಸಿ, ಮುಚ್ಚಿದ ಪೆಟ್ಟಿಗೆಯೊಳಗೆ ಸಿಕ್ಕಿಬಿದ್ದ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಬಹುದೆಂದು ಅವರು ಕಂಡುಕೊಂಡರು. ಲೋಹದ ಸ್ಪ್ರಿಂಗಾಗಲಿ ಬಟ್ಟೆಯ ಅಂಚಾಗಲಿ ಗಾಳಿಯಷ್ಟು ಸಮವಾಗಿ ಎಳೆದು ಬಿಡಲಾರದು. 1954ರಲ್ಲಿ ಅವರು ಹೊರತಂದ ಪೆಟ್ಟಿಗೆ ಎರಡಡಿ ಉದ್ದವಿದ್ದಿತು. ಹಿಂದಿನ ದೈತ್ಯರು ಕೊಡುತ್ತಿದ್ದ ಮಂದ್ರವನ್ನು ಅದೂ ಕೊಟ್ಟಿತು. ಕಪಾಟಿನ ಮೇಲೆ ಇಡತಕ್ಕ ಸ್ಪೀಕರೆಂಬ ಕಲ್ಪನೆ ಬೆಳೆದದ್ದು ಅಲ್ಲಿಂದ.

ಆದರೆ ಪುಕ್ಕಟೆಯಾಗಿ ಏನೂ ಸಿಕ್ಕಲಿಲ್ಲ. ವಿಲ್ಚರರ ಮಾರ್ಗವನ್ನು ಹಿಡಿದವರಲ್ಲಿ ಆಂಟನ್ ಹಾಫ್‌ಮನ್ ಎಂಬ ಭೌತವಿಜ್ಞಾನಿ ಒಬ್ಬರು. ಪ್ರಸಿದ್ಧ ಪಿಯಾನೋ ವಾದಕ ಜೋಸೆಫ್ ಹಾಫ್‌ಮನ್ನರ ಮಗ. ಆಳವಾದ ಮಂದ್ರ, ಚಿಕ್ಕ ಪೆಟ್ಟಿಗೆ, ಕಡಿಮೆ ವಿದ್ಯುತ್ತಿಗೆ ಹೆಚ್ಚು ಸದ್ದು, ಈ ಮೂರರಲ್ಲಿ ಯಾವುವಾದರೂ ಎರಡನ್ನು ಆರಿಸಿಕೊಳ್ಳಬಹುದು, ಮೂರನೆಯದನ್ನು ಬಿಡಬೇಕು ಎಂಬ ನಿಯಮಕ್ಕೆ ಇಂದಿಗೂ ಅವರ ಹೆಸರೇ ಇದೆ. ಮೂರೂ ಉಂಟೆಂದು ಹೇಳುವ ಅಂಗಡಿಯವನು ಒಂದೋ ನಿಯಮವನ್ನು ತಿಳಿಯದವನು, ಇಲ್ಲವೆ ಗಿರಾಕಿಯನ್ನು ತಿಳಿದವನು.

ನಮ್ಮ ಮಿತ್ರರಿಗೆ ಪ್ರಾಣವಾದ ಪೆಟ್ಟಿಗೆ ಇನ್ನೊಂದು. ಅದರ ಹೆಸರು ಎಲ್.ಎಸ್. 3/5ಎ. ಹೆಸರು ಸರಕಾರಿ ಕಡತದ ನಂಬರಿನಂತಿದೆಯೆಂದು ನಾನು ಹೇಳಿದ್ದಕ್ಕೆ, ಅದು ನಿಜವಾಗಿಯೂ ಹಾಗೆಯೇ ಹುಟ್ಟಿದ್ದೆಂದರು. 1970ರ ದಶಕದ ಮೊದಲಲ್ಲಿ ಬಿ.ಬಿ.ಸಿ.ಯ ಸಂಶೋಧನಾ ವಿಭಾಗದವರು ಇದನ್ನು ರೂಪಿಸಿದ್ದು ಸಂಗೀತಪ್ರಿಯರ ಮನೆಗಲ್ಲ. ಹೊರಾಂಗಣ ಪ್ರಸಾರಕ್ಕೆ ಹೋಗುವ ವ್ಯಾನಿನ ಇಕ್ಕಟ್ಟಿನಲ್ಲಿ ಕುಳಿತು, ಪ್ರಸಾರವಾಗುವ ಮಾತು ಸರಿಯಾಗಿದೆಯೆ ಎಂದು ಎಂಜಿನಿಯರು ಪರೀಕ್ಷಿಸುವುದಕ್ಕೆ. ಎತ್ತರ 12 ಅಂಗುಲ, ಅಗಲ ಏಳೂವರೆ, ಆಳ ಆರೂಕಾಲು. ಒಳಗೆ ಹಿಡಿಯುವ ಗಾಳಿ ಸುಮಾರು 5 ಲೀಟರು, ನಮ್ಮ ಮನೆಯ ಕುಕ್ಕರಿನಷ್ಟು. ಬಿ.ಬಿ.ಸಿ.ಯವರು ಸ್ಪೀಕರನ್ನು ಪರೀಕ್ಷಿಸುತ್ತಿದ್ದ ಬಗೆ ನನಗೆ ಬಹಳ ಹಿಡಿಸಿತು. ಒಬ್ಬರನ್ನು ಸ್ಟುಡಿಯೋದಲ್ಲಿ ಮಾತನಾಡಲು ಬಿಡುವುದು, ಪಕ್ಕದ ಕೋಣೆಯಲ್ಲಿ ಸ್ಪೀಕರಿನ ಮೂಲಕ ಆ ಮಾತನ್ನು ಕೇಳುವುದು, ಎದ್ದು ಹೋಗಿ ಆ ಮನುಷ್ಯನ ಎದುರು ನಿಂತು ಕೇಳುವುದು, ಮತ್ತೆ ಬರುವುದು. ಗುಡುಗು ಸರಿಯಾಗಿ ಗುಡುಗಿತೆ ಎಂದು ಹೇಳಬಲ್ಲವರು ಯಾರು? ಮನುಷ್ಯರ ಕಂಠ ಕೆಟ್ಟರೆ ಮಗುವಿಗೂ ತಿಳಿಯುತ್ತದೆ.

ಪೆಟ್ಟಿಗೆಯ ಗೋಡೆಯ ವಿಚಾರದಲ್ಲಿಯೂ ಅವರದು ಬೇರೆ ದಾರಿ. ಅಂಗಡಿಗಳಲ್ಲಿ ಜನ ಹಲಸಿನ ಹಣ್ಣನ್ನು ತಟ್ಟುವಂತೆ ಸ್ಪೀಕರಿನ ಪಕ್ಕೆಯನ್ನು ತಟ್ಟಿ, ಗಟ್ಟಿಯಾಗಿದ್ದರೆ ತಲೆದೂಗುವುದನ್ನು ನೋಡಿದ್ದೇನೆ. ಬಿ.ಬಿ.ಸಿ.ಯವರು ಬರ್ಚ್ ಮರದ ತೆಳುವಾದ ಪ್ಲೈವುಡ್ಡನ್ನು ಬಳಸಿ, ಒಳಗಡೆ ಡಾಂಬರಿನ ಹಾಸನ್ನು ಅಂಟಿಸಿದರು. ಗೋಡೆ ನಡುಗಲಿ, ಆದರೆ ಕಂಠದ ಪ್ರದೇಶಕ್ಕಿಂತ ಕೆಳಗೆ, ಮೆಲ್ಲಗೆ ನಡುಗಲಿ ಎಂಬುದು ಅವರ ತರ್ಕ. ಈ ವಿಭಾಗದಲ್ಲಿ ದುಡಿದ ಡಡ್ಲಿ ಹಾರ್‌ವುಡ್ಡರೂ ಸ್ಪೆನ್ಸರ್ ಹ್ಯೂಸರೂ ಮುಂದೆ ಸ್ವಂತ ಕಾರ್ಖಾನೆಗಳನ್ನು ಹೂಡಿ, ತಮ್ಮ ಹೆಸರಿನ ಒಂದು ಚೂರಿಗೆ ಹೆಂಡತಿಯರ ಹೆಸರಿನ ಒಂದು ಚೂರನ್ನು ಸೇರಿಸಿದರು: ಎಲಿಜಬೆತ್ ಕೂಡಿ ‘ಹಾರ್ಬೆತ್’, ಡೊರೊತಿ ಕೂಡಿ ‘ಸ್ಪೆಂಡರ್’. ಇದನ್ನು ಮನೆಯಲ್ಲಿ ಹೇಳಿದಾಗ ನಮ್ಮಾಕೆ ಮೊದಲ ಬಾರಿಗೆ ಈ ವಿಷಯದಲ್ಲಿ ಆಸಕ್ತಿ ತೋರಿಸಿದಳು.

ಆ ಪೆಟ್ಟಿಗೆಗೂ ಒಂದು ಪುಟ್ಟ ಕಪಟವಿದೆಯೆಂಬುದನ್ನು ಮಿತ್ರರು ಮುಚ್ಚಿಡಲಿಲ್ಲ. ಸೆಕೆಂಡಿಗೆ ಸುಮಾರು 70 ಕಂಪನಗಳಿಗಿಂತ ಕೆಳಗೆ ಅದರಲ್ಲಿ ಹೆಚ್ಚೇನೂ ಇಲ್ಲ. ಆ ಬಡತನ ತೋರದಂತೆ ನೂರರ ಮೇಲಿನ ಪ್ರದೇಶವನ್ನು ಒಂದಿಷ್ಟು ಉಬ್ಬಿಸಿದ್ದಾರೆ. ಮೇಲಾಗಿ ಅದು ಸೋಮಾರಿ: ಎಬ್ಬಿಸಲು ವಿದ್ಯುತ್ತು ಬಹಳ ಬೇಕು. ಸಾಮಾನ್ಯ ಸ್ಪೀಕರು 88 ಡೆಸಿಬೆಲ್ ಕೊಡುವಲ್ಲಿ ಇದು 82 ಅಥವಾ 83 ಕೊಡುತ್ತದೆ. ಅಂಕಿಯಲ್ಲಿ ಆರು ಕಡಿಮೆಯಾದರೆ ಆಂಪ್ಲಿಫಯರು ನಾಲ್ಕು ಪಟ್ಟು ದುಡಿಯಬೇಕು.

ಎಪ್ಪತ್ತು ಕಂಪನವೆಂದಾಗ ನನಗೆ ಗಾಬರಿಯಾಯಿತು. ತಂಬೂರಿಯ ಗತಿಯೇನು? ಲೆಕ್ಕ ಹಾಕಿ ನೋಡಿದೆವು. ಗಂಡಸರು ಕಪ್ಪು ಒಂದರ ಶ್ರುತಿಯಲ್ಲಿ ಹಾಡಿದರೆ ಷಡ್ಜ 139ರ ಹತ್ತಿರ. ತಂಬೂರಿಯ ಮಂದ್ರ ಷಡ್ಜದ ತಂತಿ 69. ಸರಿಯಾಗಿ ಅಂಚಿನ ಮೇಲೆ. ಅಕ್ಕ ಹಾಡಿರುವುದು ಐದು ಮನೆಯ ಶ್ರುತಿಯಲ್ಲಿ. ಅವಳ ಷಡ್ಜ 196, ತಂಬೂರಿಯ ಮಂದ್ರ 98. ಅವಳಿಗೆ ಪೆಟ್ಟಿಗೆಯಲ್ಲಿ ಬೇಕಾದಷ್ಟು ಜಾಗವಿತ್ತು. ಗಂಡಸರ ತಂಬೂರಿಯೂ ಕೆಡುವುದಿಲ್ಲವೆಂದು ಮಿತ್ರರು ಹೇಳಿದರು. 69 ಕೇಳಿಸದಿದ್ದರೂ ಅದರ ಅನುಸ್ವರಗಳಾದ 138, 207, 276 ಕೇಳಿಸುತ್ತವೆ. ಅವುಗಳ ನಡುವಿನ ಅಂತರದಿಂದಲೇ ಕಿವಿಯು ಇಲ್ಲದ 69ನ್ನು ತಾನಾಗಿ ಕಟ್ಟಿಕೊಳ್ಳುತ್ತದೆ. ತಂಬೂರಿಯಲ್ಲಂತೂ ಅನುಸ್ವರಗಳ ಐಶ್ವರ್ಯವೇ ಇದೆ. ತಂತಿಯನ್ನು ಮೀಟಿದ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಅನುಸ್ವರಗಳು ಹುಟ್ಟಕೂಡದೆಂದು ಹಳೆಯ ಸಿದ್ಧಾಂತ ಹೇಳುತ್ತಿದ್ದರೆ, ವೀಣೆ ತಂಬೂರಿಗಳಲ್ಲಿ ಅವೂ ಹುಟ್ಟುತ್ತವೆಂದೂ ಅದಕ್ಕೆ ಕುದುರೆಯ ಬಾಗಿದ ಮೇಲ್ಮೈ ಕಾರಣವೆಂದೂ ಸಿ.ವಿ. ರಾಮನ್ನರು 1921ರ ಪ್ರಬಂಧದಲ್ಲಿ ತೋರಿಸಿದರು. ಹೇಳದೆ ಬಿಟ್ಟದ್ದನ್ನು ಸಹೃದಯನು ತುಂಬಿಕೊಳ್ಳುತ್ತಾನೆಂದು ಆನಂದವರ್ಧನನ ಧ್ವನಿತತ್ತ್ವವನ್ನು ಮೂವತ್ತು ವರ್ಷ ಪಾಠ ಹೇಳಿದ ನಾನು, ಅದೇ ವ್ಯವಹಾರ ಕಿವಿಯೊಳಗೂ ನಡೆಯುವುದೆಂದು ತಿಳಿದದ್ದು ಅರವತ್ತೆಂಟನೆಯ ವಯಸ್ಸಿನಲ್ಲಿ. ಅಲಂಕಾರಶಾಸ್ತ್ರದ ವಿದ್ವಾಂಸರು ಈ ಹೋಲಿಕೆಯನ್ನು ಒಪ್ಪದಿದ್ದರೆ ಕ್ಷಮಿಸಬೇಕು.

ನನ್ನ ಕಿವಿಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಸ್ಪೀಕರಿನ ವಿವರಣೆಯ ಹಾಳೆಯಲ್ಲಿ 20,000 ಕಂಪನಗಳವರೆಗೆ ಎಂದು ಬರೆದಿರುವುದನ್ನು ನೋಡಿ ಮೊಮ್ಮಗ ಫೋನಿನಲ್ಲಿ ಒಂದೊಂದೇ ಸ್ವರವನ್ನು ಹೊರಡಿಸಿ ನನ್ನನ್ನು ಪರೀಕ್ಷಿಸಿದ. ಎಂಟು ಸಾವಿರ ಕೇಳಿಸಿತು. ಹತ್ತು ಸಾವಿರ, ಇದ್ದರೂ ಇರಬಹುದು ಎಂಬಂತೆ. ಹನ್ನೆರಡು ಸಾವಿರವೆಂದು ಅವನು ಕೂಗಿದಾಗ ನಾನು ಸುಮ್ಮನೆ ಅವನ ಮುಖವನ್ನು ನೋಡುತ್ತಿದ್ದೆ. “ತಾತ, ಜೋರಾಗಿ ಬರ್ತಾ ಇದೆ” ಎಂದು ಅವನು ಕಿವಿ ಮುಚ್ಚಿಕೊಂಡ. ಆ ದಿನ ನನಗೆ ಹುಟ್ಟಿದ ಸಂಶಯವೇ ಮೊದಲು ಹೇಳಿದ್ದು. ಅಕ್ಕನ ಕಂಠವನ್ನು ನಾನು ಕೇಳಿದ ಕಿವಿ ಬೇರೆ, ಈಗ ಇರುವ ಕಿವಿ ಬೇರೆ. ಯಾವ ಪೆಟ್ಟಿಗೆ ತಂದರೂ ಅವಳು ಮೊದಲಿನಂತೆ ಕೇಳಿಸದೆಹೋದರೆ ತಪ್ಪು ಯಾರದು? ಎರಡು ವಾರ ಹುಡುಕಾಟವನ್ನು ನಿಲ್ಲಿಸಿದೆ. ಮಿತ್ರರೇ ಸಮಾಧಾನ ಹೇಳಿದರು: ಕಂಠದ ಗುರುತೆಲ್ಲ ಎಂಟು ಸಾವಿರದ ಕೆಳಗೇ ಇದೆ, ಮೇಲಿನ ಹನ್ನೆರಡು ಸಾವಿರಕ್ಕೆ ದುಡ್ಡು ಕೊಡಬೇಡಿ, ಅಷ್ಟೆ.

ನಗರದ ಇನ್ನೊಬ್ಬ ವ್ಯಾಪಾರಿ ಮುಂಗಡ ಹಣ ಇಟ್ಟುಕೊಂಡು ಎರಡು ಜೊತೆಗಳನ್ನು ಒಂದು ವಾರದ ಮಟ್ಟಿಗೆ ಮನೆಗೆ ಕೊಟ್ಟನು. ಒಂದು ಜೊತೆ ಹೊಸ ಕಾಲದ್ದು, ಲೋಹದ ಶಂಕು, ಭಾರವಾದ ಗೋಡೆ. ಇನ್ನೊಂದು ಆ ಬಿ.ಬಿ.ಸಿ. ನಕ್ಷೆಯ ವಂಶದ್ದು. ಮೂಲ ಪೆಟ್ಟಿಗೆಗೆ ಕೆ.ಇ.ಎಫ್. ಸಂಸ್ಥೆ ಒದಗಿಸುತ್ತಿದ್ದ ಘಟಕಗಳ ತಯಾರಿಕೆ ನಿಂತುಹೋಗಿದೆ; ಈಗಿನವರು ಅವುಗಳ ಪ್ರತಿರೂಪವನ್ನು ಮಾಡಿ ಅಳವಡಿಸುತ್ತಾರೆ.

ಮನೆಗೆ ತಂದ ಮೇಲೆ ತಿಳಿದದ್ದು, ಮೂರನೆಯ ಸ್ಪೀಕರೊಂದು ಮನೆಯಲ್ಲೇ ಇದೆಯೆಂದು: ಅದು ಕೋಣೆ. ನನ್ನ ಓದುವ ಕೋಣೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಅಲೆಯ ಅರ್ಧ ಉದ್ದ ಎರಡು ಗೋಡೆಗಳ ನಡುವೆ ಸರಿಯಾಗಿ ಕೂತರೆ ಆ ಸ್ವರ ಕೋಣೆಯಲ್ಲಿ ನಿಂತುಬಿಡುತ್ತದೆ. ಹನ್ನೆರಡಡಿಗೆ ಆ ಸ್ವರ 47 ಕಂಪನ, ಹತ್ತಡಿಗೆ 56. ಅಗಲವೂ ಎತ್ತರವೂ ಒಂದೇ ಆದುದರಿಂದ 56 ಎರಡು ಕಡೆಯಿಂದಲೂ ಬಂದು ಇಮ್ಮಡಿಸುತ್ತದೆ. ಕಟ್ಟಿಸುವಾಗ ಮೇಸ್ತ್ರಿ ಹೇಳಿದ ವಾಸ್ತುವೆಲ್ಲ ಕೇಳಿದ್ದೆ; ಇದನ್ನು ಯಾರೂ ಹೇಳಿರಲಿಲ್ಲ. ಅಂಗಡಿಯ ಆಳೆತ್ತರದ ಸ್ಪೀಕರು ಇಲ್ಲಿಗೆ ಬಂದಿದ್ದರೆ ಆ ಎರಡು ಸ್ವರಗಳನ್ನು ಕೆರಳಿಸಿ ಮಿಕ್ಕದ್ದನ್ನೆಲ್ಲ ಮುಳುಗಿಸುತ್ತಿತ್ತು. ಅಷ್ಟು ಕೆಳಗೆ ಇಳಿಯಲಾರದ ಪುಟ್ಟ ಪೆಟ್ಟಿಗೆ ಆ ಜಗಳಕ್ಕೇ ಹೋಗುವುದಿಲ್ಲ.

ಹೆಸರು ಕಪಾಟಿನ ಸ್ಪೀಕರಾದರೂ ಕಪಾಟಿನಲ್ಲಿಟ್ಟರೆ ಕೆಡುತ್ತದೆಂಬುದು ಇನ್ನೊಂದು ವಿನೋದ. ಹಿಂದಿನ ಗೋಡೆ ಹತ್ತಿರವಾದಷ್ಟೂ ಮಂದ್ರ ಊದಿಕೊಳ್ಳುತ್ತದೆ. ಪುಸ್ತಕಗಳ ನಡುವೆ ಸಿಕ್ಕಿಸಿದರೆ ಕಂಠ ಕಂಬಳಿ ಹೊದೆಯುತ್ತದೆ. ಕಡೆಗೆ ಎರಡು ಹಳೆಯ ಮರದ ಸ್ಟೂಲುಗಳ ಮೇಲೆ, ಮೇಲಿನ ಪುಟ್ಟ ಶಂಕು ಕುಳಿತವನ ಕಿವಿಯ ಎತ್ತರಕ್ಕೆ ಬರುವಂತೆ, ಗೋಡೆಯಿಂದ ಎರಡಡಿ ಈಚೆಗೆ ನಿಲ್ಲಿಸಿದೆವು. ಎರಡು ಪೆಟ್ಟಿಗೆ, ಒಂದು ಕುರ್ಚಿ, ಮೂರರ ನಡುವೆಯೂ ಆರಾರು ಅಡಿ. ಕೈ ಚಪ್ಪಾಳೆ ತಟ್ಟಿದರೆ ಬರಿಯ ಗೋಡೆಗಳ ನಡುವೆ ಸದ್ದು ಪಟಪಟನೆ ಓಡಾಡುತ್ತಿತ್ತು. ಕಾವಿ ನೆಲದ ಮೇಲೆ ಜಮಖಾನೆ ಹಾಸಿ, ಪುಸ್ತಕದ ಕಪಾಟನ್ನು ಬೆನ್ನಿನ ಗೋಡೆಗೆ ಸರಿಸಿದೆವು. ಸಾಲಾಗಿ ನಿಂತ ಪುಸ್ತಕಗಳ ಏರುಪೇರಾದ ಬೆನ್ನುಗಳು ಸದ್ದನ್ನು ಚದುರಿಸುತ್ತವೆ. ಪಕ್ಕದ ಗೋಡೆಯ ಮೇಲೆ ನಮ್ಮಾಕೆಯ ಕೈಗನ್ನಡಿಯನ್ನು ಸರಿಸುತ್ತ ಹೋಗಿ, ಕುರ್ಚಿಯಿಂದ ನೋಡಿದಾಗ ಸ್ಪೀಕರು ಎಲ್ಲಿ ಕಾಣುವುದೋ ಅಲ್ಲಿ ಹಳೆಯ ಶಾಲೊಂದನ್ನು ತೂಗುಹಾಕಿದೆವು. ಇಷ್ಟಕ್ಕೆ ಖರ್ಚಾದ ಹಣ ಸೊನ್ನೆ. ಇಷ್ಟರಿಂದ ಆದ ಬದಲಾವಣೆ, ಆ ಎರಡು ಜೊತೆಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು. ಕೋಣೆಯ ನಡುವೆ ಸ್ಟೂಲುಗಳನ್ನು ಸುತ್ತಿಬಳಸಿ ಕಸ ಗುಡಿಸಬೇಕಾದವರ ಅಭಿಪ್ರಾಯವನ್ನು ಇಲ್ಲಿ ಬರೆಯುವುದಿಲ್ಲ.

ಸ್ಪೀಕರುಗಳ ಬೆಲೆಯ ವಿಚಾರದಲ್ಲಿ ಮೈಸೂರು ಹೊಸತೇನನ್ನೂ ನೋಡುತ್ತಿಲ್ಲವೆಂದು ಮಿತ್ರರು ನೆನಪಿಸಿದರು. 1940ರ ದಶಕದಲ್ಲಿ ಇಲ್ಲಿಗೆ ಬಂದಿದ್ದ ಧ್ವನಿಮುದ್ರಣತಜ್ಞ ವಾಲ್ಟರ್ ಲೆಗ್, ಜಯಚಾಮರಾಜ ಒಡೆಯರ ಬಳಿ ಗ್ರಾಮಫೋನು ತಟ್ಟೆಗಳ ದೊಡ್ಡ ಭಂಡಾರವನ್ನೂ ಬಗೆಬಗೆಯ ಸ್ಪೀಕರುಗಳನ್ನೂ ಕಂಡುದಾಗಿ ಹೇಳಿದ್ದಾರೆ. ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯ ವಾದ್ಯವೃಂದಕ್ಕೆ ನೆರವಾದುದೂ, ರಷ್ಯದ ಮೆಟ್ನರ್ ಎಂಬ ಮುದಿ ಸಂಗೀತಕಾರನ ಕೃತಿಗಳು ಅವನಿಂದಲೇ ಧ್ವನಿಮುದ್ರಣವಾಗುವಂತೆ ಹಣ ಕೊಟ್ಟುದೂ ಪ್ರಸಿದ್ಧವಾಗಿದೆ. ಮೆಟ್ನರ್ 1951ರಲ್ಲಿ ತೀರಿಕೊಂಡನು. ಅವನ ಬೆರಳುಗಳ ಸದ್ದು ಇಂದಿಗೂ ಸಿಕ್ಕುವುದು ಮೈಸೂರಿನ ದುಡ್ಡಿನಿಂದ. ನಾಲ್ಕು ತಿಂಗಳ ಪಿಂಚಣಿ ಅದರ ಮುಂದೆ ಏನೂ ಅಲ್ಲವೆಂದು ಮನೆಯಲ್ಲಿ ವಾದಿಸಿ ನೋಡಿದೆ. ಅವರು ಮಹಾರಾಜರು ಎಂಬ ಉತ್ತರ ಬಂದಿತು.

ಈಗ ಎರಡು ಜೊತೆಗಳ ಪಂದ್ಯ. ನ್ಯಾಯವಾಗಿ ಹೇಳಬೇಕಾದರೆ ಲೋಹದ ಶಂಕುವಿನದೇ ಹೆಚ್ಚು ಸಮರ್ಥ. ಮೃದಂಗದ ಎಡಮುಖದ ಗುಮಕು, ಬಲಮುಖದ ಕರಣೆಯ ಮೇಲಿನ ಬೆರಳಿನ ಏಟು, ಎರಡೂ ಅದರಲ್ಲಿ ಸ್ಪಷ್ಟವಾಗಿ ಬೇರೆಬೇರೆಯಾಗಿ ನಿಂತವು. ಈಚಿನ ಧ್ವನಿಮುದ್ರಣಗಳನ್ನು ಕೇಳುವವರು ಅದನ್ನೇ ಕೊಳ್ಳಬೇಕು. ಮೊಮ್ಮಗನ ಮತವೂ ಅದಕ್ಕೇ. ಆದರೆ ಅಕ್ಕನ ಟೇಪಿನ ಮೊರೆತವನ್ನೂ ಅದು ಅಷ್ಟೇ ನಿಷ್ಠೆಯಿಂದ ಮುಂದೆ ತಂದು ನಿಲ್ಲಿಸಿತು. ಅವಳ ಸಕಾರಗಳು ಕಾದ ಕಾವಲಿಯ ಮೇಲೆ ನೀರು ಬಿದ್ದಂತೆ ಚುರುಗುಟ್ಟಿದವು. ಕನ್ನಡ ಮೇಷ್ಟರಾದ ನಾನು ಸ, ಶ, ಷಗಳನ್ನು ಮಕ್ಕಳಿಂದ ಬಿಡಿಸಿ ಹೇಳಿಸಲು ಹೆಣಗಿ ಸೋತವನು. ಅಕ್ಕ ಮೂರನ್ನೂ ಬೇರೆಬೇರೆಯಾಗಿ ನುಡಿಯುತ್ತಿದ್ದಳು. ಅವಳಿಗೆ ಅದನ್ನು ಕಲಿಸಿದ್ದು ನಮ್ಮ ತಂದೆ. ಲೋಹದ ಜೊತೆಯಲ್ಲಿ ಮೂರೂ ಒಂದೇ ಸೀಟಿಯಾದವು. ಎರಡನೆಯ ಜೊತೆಯಲ್ಲಿ, 3000 ಕಂಪನಗಳ ಸುತ್ತ ದೊಡ್ಡ ಶಂಕು ಚಿಕ್ಕ ಶಂಕುವಿಗೆ ಕೆಲಸವನ್ನು ಒಪ್ಪಿಸುವ ಜಾಗದಲ್ಲಿ ಹೊಲಿಗೆ ಕಾಣಲಿಲ್ಲ. ಮೂರು ಅಕ್ಷರಗಳೂ ಮೂರಾಗಿಯೇ ಬಂದವು. ಮೊರೆತ ಹಿಂದೆ ಸರಿದು ಮಳೆಯಂತಾಯಿತು. ಅವಳು ಜಮಖಾನೆಯ ಆಚೆ, ತನ್ನ ಎತ್ತರಕ್ಕೆ ಸರಿಯಾಗಿ ಕುಳಿತಿದ್ದಳು.

ಆ ಜೊತೆಯನ್ನೇ ಕೊಂಡೆ. ನಗಾರಿ, ಪಾಶ್ಚಾತ್ಯರ ಆರ್ಗನ್ನಿನ ಕೆಳಸ್ವರಗಳು, ಮೊಮ್ಮಗನ ಸಿನಿಮಾಗಳು ಇವಿಷ್ಟೂ ನನ್ನ ಮನೆಯಿಂದ ಶಾಶ್ವತವಾಗಿ ಹೊರಗಾದವು. ಜೋರಾಗಿ ಹಾಕಿದರೆ ಪೆಟ್ಟಿಗೆ ತಾಳಲಾರದೆಂಬುದನ್ನೂ ಒಂದು ಶಿವರಾತ್ರಿಯ ದಿನ ಪರೀಕ್ಷಿಸಿ ತಿಳಿದದ್ದಾಗಿದೆ.

ಆದರೂ ನನ್ನ ಕಿವಿಯ ಸಾಕ್ಷ್ಯವನ್ನು ಮಾತ್ರ ನಂಬಿಕೊಂಡಿರಲು ಧೈರ್ಯವಾಗಲಿಲ್ಲ. ಕಳೆದ ತಿಂಗಳು ಭಾವ ಶಿವಮೊಗ್ಗದಿಂದ ಬಂದಿದ್ದರು. ಅವರಿಗೆ ಎಂಬತ್ತೆರಡು, ಎಡಗಿವಿ ಕೇಳಿಸದು. ಹನ್ನೊಂದು ವರ್ಷಗಳಿಂದ ಈ ಹಾಡುಗಳನ್ನು ಅವರು ಕೇಳಿರಲಿಲ್ಲ. ಕೇಳಬೇಕೆಂದು ಅವರಾಗಿ ಹೇಳಿಯೂ ಇರಲಿಲ್ಲ. ಊಟವಾದ ಮೇಲೆ ಆ ಕುರ್ಚಿಯಲ್ಲಿ ಅವರನ್ನು ಕೂರಿಸಿ, ಏನೆಂದೂ ಹೇಳದೆ ಹಾಕಿದೆ. ಅವರು ಬಲಗಿವಿಯನ್ನು ಮುಂದೆ ಮಾಡಿ ಸ್ವಲ್ಪ ಓರೆಯಾಗಿ ಕುಳಿತರು. ಮೊದಲ ದೇವರನಾಮ ಮುಗಿಯಿತು, ಎರಡನೆಯದೂ ಮುಗಿಯಿತು. ಮುಖದಲ್ಲಿ ಏನೂ ತಿಳಿಯಲಿಲ್ಲ. ಮೂರನೆಯದರ ಅನುಪಲ್ಲವಿಯಲ್ಲಿ ಯಾರೋ ಕೆಮ್ಮುವ ಸದ್ದು ಬರುತ್ತದೆ. ಫೋನಿನಲ್ಲಿ ಕೇಳಿದಾಗ ಅದು ಟೇಪಿನ ದೋಷವೆಂದೇ ಎಣಿಸಿ, ಅದನ್ನು ಅಳಿಸಿಬಿಡೆಂದು ಮೊಮ್ಮಗನಿಗೆ ಹೇಳಿದ್ದೆ, ಅವನು ಮರೆತಿದ್ದ.

“ಅದು ನಾನು” ಎಂದರು ಭಾವ. “ಬಾಗಿಲ ಹತ್ತಿರ ನಿಂತಿದ್ದೆ. ಹಾಡು ಮುಗಿದ ಮೇಲೆ ಬೈದಳು.”

ಭಾವಗೀತೆಯೂ ಮುಗಿದು ಮೊರೆತವಷ್ಟೇ ಉಳಿದಾಗ ನಿಲ್ಲಿಸಲು ಎದ್ದೆ. ಅವರು ಕೈ ಎತ್ತಿ ತಡೆದು, ಮೂರನೆಯದನ್ನು ಮತ್ತೊಮ್ಮೆ ಹಾಕೆಂದರು.